ಹ್ಯಾಮ್ಲೆಟ್ ಯಾಕೆ ತಡ ಮಾಡಿದ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಬಗ್ಗೆಯೇ ಇದ್ದವು. ಕೆಲವರಿಗೆ ಅದು ಪಠ್ಯ, ಕೆಲವರು ಎಲ್ಲೋ ನಾಟಕ ನೋಡಿ ಬಂದು ಬರೆದಿದ್ದಾರೆ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಓದದವರಿಗಾಗಿ ಕತೆ ನಾಲ್ಕು ಮಾತಲ್ಲಿ. ಡೆನ್ಮಾರ್ಕಿನ ರಾಜ ಸತ್ತಿದ್ದಾನೆ. ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತು ಅಂತ ಊರಿಗೆಲ್ಲ ಹೇಳಿದ್ದಾರೆ. ಎರಡು ತಿಂಗಳೂ ಕಳೆದಿಲ್ಲ, ಅವನ ತಮ್ಮ ಕ್ಲಾಡಿಯಸ್ ಸಿಂಹಾಸನ ಏರಿದ್ದಾನೆ, ಅತ್ತಿಗೆ ಗರ್ಟ್ರೂಡ್‌ಳನ್ನು ಮದುವೆಯೂ ಆಗಿದ್ದಾನೆ. ಒಂದು ರಾತ್ರಿ ಎಲ್ಸಿನೋರ್ ಕೋಟೆಯ ಮೇಲೆ ಸತ್ತ ರಾಜನ ಪ್ರೇತ ಬಂದು ಮಗ ಹ್ಯಾಮ್ಲೆಟ್‌ಗೆ ಹೇಳುತ್ತದೆ: ನಿದ್ದೆಯಲ್ಲಿದ್ದ ನನ್ನ ಕಿವಿಗೆ ವಿಷ ಹೊಯ್ದವನು ನಿನ್ನ ಚಿಕ್ಕಪ್ಪ, ಸೇಡು ತೀರಿಸು. ಅಲ್ಲಿಂದ ಐದನೇ ಅಂಕ ಮುಗಿಯುವ ಹೊತ್ತಿಗೆ 8 ಜನ ಸಾಯುತ್ತಾರೆ, ಹ್ಯಾಮ್ಲೆಟ್ ಕೂಡ.

ಮೇಡಂ, ನಾನು ಬಿ.ಎ. ವಿದ್ಯಾರ್ಥಿನಿ. ಹ್ಯಾಮ್ಲೆಟ್ ‘ನಿರ್ಧಾರ ತೆಗೆದುಕೊಳ್ಳಲಾಗದ ದುರ್ಬಲ ಮನಸ್ಸಿನವನು’ ಅಂತ ನಮ್ಮ ಗೈಡಿನಲ್ಲಿದೆ. ಪ್ರೇತ ಹೇಳಿದ ಮೇಲೂ ಅವನು ಯಾಕೆ ತಕ್ಷಣ ಕೊಲ್ಲಲಿಲ್ಲ? ಪರೀಕ್ಷೆಯಲ್ಲಿ ಏನಂತ ಬರೆಯಲಿ?
— ಓದುಗರು, ಮೈಸೂರು

ಗೈಡಿನ ಆ ಸಾಲನ್ನು ನಾನು ಒಪ್ಪುವುದಿಲ್ಲ. ನಾಟಕವನ್ನೇ ತೆರೆದು ನೋಡಿ. ಪ್ರೇತ ಕೈಬೀಸಿ ಕರೆದಾಗ ಗೆಳೆಯರು ಅವನನ್ನು ಹಿಡಿದು ನಿಲ್ಲಿಸುತ್ತಾರೆ. ತಡೆದವರನ್ನೇ ಪ್ರೇತ ಮಾಡಿಬಿಡ್ತೀನಿ ಅಂತ ಕೊಸರಿಕೊಂಡು ಅದರ ಹಿಂದೆ ಹೋಗುತ್ತಾನೆ. ಇಂಗ್ಲೆಂಡಿಗೆ ಹೊರಟ ಹಡಗಿನ ಮೇಲೆ ಕಡಲ್ಗಳ್ಳರು ಬಿದ್ದಾಗ ಅವರ ಹಡಗಿಗೆ ಹಾರಿ, ಇಡೀ ತಂಡದಲ್ಲಿ ತಾನೊಬ್ಬನೇ ಸೆರೆಯಾಗುತ್ತಾನೆ. ತನ್ನ ತಲೆ ತೆಗೆಸಲು ರಾಜ ಕಳಿಸಿದ ಪತ್ರವನ್ನು ಕತ್ತಲಲ್ಲಿ ಕದ್ದು ಓದಿ, ಬೇರೆ ಪತ್ರ ಬರೆದು, ಅಪ್ಪನ ಮುದ್ರೆ ಒತ್ತಿ, ಏನೂ ಆಗಿಲ್ಲವೆಂಬಂತೆ ವಾಪಸ್ ಇಡುತ್ತಾನೆ. ಇದೆಲ್ಲ ಕೈಕಟ್ಟಿ ಕೂತವನು ಮಾಡುವ ಕೆಲಸವಾ?

ಅವನು ತಡ ಮಾಡುವುದು ಒಂದೇ ಕೆಲಸಕ್ಕೆ. ಅದು ಯಾಕೆ ಅಂತ ತಿಳಿಯಬೇಕಾದರೆ ಮೂರನೇ ಅಂಕದ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಬೇಕು. ಷೇಕ್ಸ್‌ಪಿಯರ್ ಅವನ್ನು ಒಂದರ ಹಿಂದೆ ಒಂದು ಇಟ್ಟಿದ್ದಾನೆ.

ಮೊದಲನೆಯದು ಪ್ರಾರ್ಥನೆಯ ದೃಶ್ಯ. ಅಪ್ಪ ಸತ್ತ ರೀತಿಯನ್ನೇ ಹ್ಯಾಮ್ಲೆಟ್ ಆಗಷ್ಟೇ ನಟರಿಂದ ಆಡಿಸಿದ್ದಾನೆ, ನಾಟಕದ ನಡುವೆಯೇ ಕ್ಲಾಡಿಯಸ್ ಗಾಬರಿಯಾಗಿ ಎದ್ದುಹೋಗಿದ್ದಾನೆ. ಈಗ ಸಾಕ್ಷಿ ಸಿಕ್ಕಿದೆ. ಕ್ಲಾಡಿಯಸ್ ಒಬ್ಬನೇ ಮಂಡಿಯೂರಿ ದೇವರ ಮುಂದೆ ಕೂತಿದ್ದಾನೆ. ಕೊಲೆಯಿಂದ ಸಿಕ್ಕ ಕಿರೀಟ, ಅಧಿಕಾರ, ರಾಣಿ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡೇ ಕ್ಷಮೆ ಕೇಳಬಹುದಾ ಅಂತ ತನ್ನನ್ನೇ ಕೇಳಿಕೊಳ್ಳುತ್ತಾನೆ. ಈ ಪ್ರಶ್ನೆ ಇಷ್ಟು ಪ್ರಾಮಾಣಿಕವಾಗಿ ಬಂದಿರುವುದು ಖಳನಾಯಕನ ಬಾಯಲ್ಲಿ, ಅದನ್ನು ಗಮನಿಸಿ. ಹಿಂದಿನಿಂದ ಹ್ಯಾಮ್ಲೆಟ್ ಬರುತ್ತಾನೆ, ಕತ್ತಿ ಎಳೆಯುತ್ತಾನೆ, ನಿಲ್ಲುತ್ತಾನೆ. ಪ್ರಾರ್ಥನೆ ಮಾಡುವಾಗ ಕೊಂದರೆ ಇವನ ಆತ್ಮ ನೇರ ಸ್ವರ್ಗಕ್ಕೆ ಹೋಗುತ್ತದೆ. ನನ್ನ ಅಪ್ಪನಿಗೆ ಪಾಪ ಒಪ್ಪಿಕೊಳ್ಳಲೂ ಸಮಯ ಸಿಗಲಿಲ್ಲ. ಇವನು ಕುಡಿದು ಬಿದ್ದಿರುವಾಗ, ಜೂಜಾಡುವಾಗ, ಸಿಟ್ಟಿನಲ್ಲಿ ಬೈಯುವಾಗ ಕೊಲ್ಲುತ್ತೇನೆ, ಆಗ ನರಕಕ್ಕೇ ಬೀಳುತ್ತಾನೆ. ಹೀಗೆ ಯೋಚಿಸಿ ಕತ್ತಿಯನ್ನು ಒರೆಗೆ ಸೇರಿಸಿ ಹೋಗುತ್ತಾನೆ. ಅವನು ಹೋದ ಮೇಲೆ ಕ್ಲಾಡಿಯಸ್ ಏಳುತ್ತಾ ಹೇಳುವ ಮಾತು ಇನ್ನೂ ಭಯಂಕರ: ನನ್ನ ಮಾತು ಮೇಲೆ ಹಾರುತ್ತಿದೆ, ಮನಸ್ಸು ಇಲ್ಲೇ ಕೆಳಗಿದೆ. ಅಂದರೆ ಪ್ರಾರ್ಥನೆ ಆಗಿಯೇ ಇರಲಿಲ್ಲ.

ಎರಡನೆಯದು ತಾಯಿಯ ಕೋಣೆ. ಮಂತ್ರಿ ಪೊಲೋನಿಯಸ್ ಪರದೆಯ ಹಿಂದೆ ಅಡಗಿ ಕೇಳಿಸಿಕೊಳ್ಳುತ್ತಿದ್ದಾನೆ. ಮಗನ ಆವೇಶ ನೋಡಿ ಗರ್ಟ್ರೂಡ್ ಹೆದರಿ ಕೂಗುತ್ತಾಳೆ, ಪರದೆಯ ಹಿಂದಿನವನೂ ಕೂಗುತ್ತಾನೆ. ಇಲಿ, ಇಲಿ ಅಂತ ಹ್ಯಾಮ್ಲೆಟ್ ಬಟ್ಟೆಯ ಮೇಲಿಂದಲೇ ಕತ್ತಿ ತಿವಿಯುತ್ತಾನೆ. ಆಮೇಲೆ ಕೇಳುತ್ತಾನೆ: ರಾಜನಾ?

ನೋಡಿ, ಎದುರಿಗಿರುವವನು ಯಾರು ಅಂತ ಕಣ್ಣಾರೆ ಕಂಡಾಗ ಅವನು ಕೊಲ್ಲಲಿಲ್ಲ. ಕೊಂದಾಗ ಯಾರು ಅಂತ ನೋಡಲಿಲ್ಲ. ಮುಂದಿನ ಅನಾಹುತವೆಲ್ಲ, ಸತ್ತ ಪೊಲೋನಿಯಸ್‌ನ ಮಗಳು ಒಫೀಲಿಯಾಳ ಹುಚ್ಚು, ಮಗ ಲೇರ್ಟಿಸ್‌ನ ಸೇಡು, ವಿಷ ಸವರಿದ ಕತ್ತಿ, ಎಲ್ಲವೂ ಶುರುವಾಗುವುದು ಈ ಒಂದು ಆತುರದ ತಿವಿತದಿಂದ. ಹಾಗಾದರೆ ಪ್ರಾರ್ಥನೆಯ ಹೊತ್ತಲ್ಲೇ ಕೊಂದಿದ್ದರೆ ಉಳಿದವರು ಬದುಕುತ್ತಿದ್ದರಲ್ಲ ಅಂತ ನೀವು ಕೇಳಬಹುದು. ಹೌದು, ಬದುಕುತ್ತಿದ್ದರು. ಆದರೆ ಅಲ್ಲಿ ಅವನನ್ನು ತಡೆದದ್ದು ಮೆತ್ತನೆ ಮನಸ್ಸಲ್ಲ, ಕರುಣೆಯೂ ಅಲ್ಲ. ಜೀವ ತೆಗೆದರೆ ಸಾಲದು, ಆತ್ಮವೂ ನರಕದಲ್ಲಿ ಬೇಯಬೇಕು ಅನ್ನುವ ಆಸೆ. 1765ರಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿದ ಡಾಕ್ಟರ್ ಜಾನ್ಸನ್, ಈ ಮಾತು ಓದಲಿಕ್ಕೂ ಆಡಲಿಕ್ಕೂ ಆಗದಷ್ಟು ಘೋರ ಅಂತ ಬರೆದಿದ್ದಾನೆ.

ಪ್ರೇತ ಇದನ್ನು ಕೇಳಿರಲೇ ಇಲ್ಲ. ಅದು ಕೇಳಿದ್ದು ಎರಡು: ಸೇಡು ತೀರಿಸು, ಆದರೆ ಅದನ್ನು ಹೇಗೇ ಮಾಡಿದರೂ ನಿನ್ನ ಮನಸ್ಸನ್ನು ಕೆಡಿಸಿಕೊಳ್ಳಬೇಡ. ಇಡೀ ನಾಟಕ ನಿಂತಿರುವುದು ಈ ಎರಡನೇ ಮಾತಿನ ಮೇಲೆ ಅಂತ ನನ್ನ ನಂಬಿಕೆ. ಒಬ್ಬನನ್ನು ಹೊಂಚು ಹಾಕಿ ಕೊಲ್ಲಬೇಕು, ಮನಸ್ಸು ಮಾತ್ರ ಸ್ವಚ್ಛವಾಗಿರಬೇಕು. ಅಪ್ಪ ಮಗನಿಗೆ ಕೊಟ್ಟದ್ದು ಆಗದ ಕೆಲಸ. ಪರೀಕ್ಷೆಯಲ್ಲಿ ಈ ಎರಡು ದೃಶ್ಯಗಳನ್ನೇ ಹಿಡಿದು ಬರೆಯಿರಿ. ‘ದುರ್ಬಲ ಮನಸ್ಸು’ ಅಂತ ಬರೆಯಲೇಬೇಕಾದರೆ, ಕೆಲವರು ಹಾಗೆ ಹೇಳುತ್ತಾರೆ ಅಂತ ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿ.

ಪ್ರೇತ ನಿಜವಾಗಿ ಬಂದದ್ದೋ, ಹ್ಯಾಮ್ಲೆಟ್‌ನ ಭ್ರಮೆಯೋ?
— ಓದುಗರು, ತುಮಕೂರು

ಭ್ರಮೆ ಅಲ್ಲ. ಹ್ಯಾಮ್ಲೆಟ್ ನೋಡುವ ಮೊದಲೇ ಕಾವಲಿನ ಇಬ್ಬರು ನೋಡಿದ್ದಾರೆ, ಅಂಥದ್ದೆಲ್ಲ ನಂಬದ ಗೆಳೆಯ ಹೊರೇಷಿಯೋ ಕೂಡ ನೋಡಿದ್ದಾನೆ. ಹೊರೇಷಿಯೋನನ್ನು ಮೊದಲ ದೃಶ್ಯದಲ್ಲೇ ತಂದು ನಿಲ್ಲಿಸಿರುವುದೇ ನಿಮಗೆ ಬಂದ ಅನುಮಾನ ನಮಗೆ ಬರದಿರಲಿ ಅಂತ. ಮುಂದೆ ತಾಯಿಯ ಕೋಣೆಯಲ್ಲಿ ಬಂದಾಗ ಮಾತ್ರ ಗರ್ಟ್ರೂಡ್‌ಗೆ ಅದು ಕಾಣುವುದಿಲ್ಲ.

ಆ ಕಾಲದ ಪ್ರೇಕ್ಷಕರಿಗೆ ಇದ್ದ ಪ್ರಶ್ನೆ ಬೇರೆ: ಇದನ್ನು ಕಳಿಸಿದವರು ಯಾರು? ಹಗಲೆಲ್ಲ ಬೆಂಕಿಯಲ್ಲಿ ಬೆಂದು ಪಾಪ ಕಳೆಯುತ್ತಿದ್ದೇನೆ ಅಂತ ಪ್ರೇತ ಹೇಳುತ್ತದೆ. ಸ್ವರ್ಗಕ್ಕೆ ಹೋಗುವ ಮೊದಲು ಹಾಗೆ ಪಾಪ ಸುಡುವ ಒಂದು ಜಾಗ ಇದೆ ಅನ್ನುವುದು ಕ್ಯಾಥೊಲಿಕ್ ನಂಬಿಕೆ. ಪ್ರಾಟೆಸ್ಟೆಂಟ್ ಆದ ಇಂಗ್ಲೆಂಡಿನ ಚರ್ಚು 16ನೇ ಶತಮಾನದಲ್ಲೇ ಅಂಥ ಜಾಗ ಇಲ್ಲ ಅಂದಿತ್ತು. ಜಾಗವೇ ಇಲ್ಲದಿದ್ದರೆ ಅಲ್ಲಿಂದ ಬಂದೆ ಅನ್ನುವವನು ಯಾರು? ಅಪ್ಪನ ವೇಷ ಹಾಕಿದ ಸೈತಾನನೂ ಇರಬಹುದು. ಇನ್ನೊಂದು ಸಂಗತಿ: ಹ್ಯಾಮ್ಲೆಟ್ ಓದುತ್ತಿದ್ದದ್ದು ವಿಟೆನ್‌ಬರ್ಗಿನಲ್ಲಿ. 1517ರಲ್ಲಿ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ ದನಿ ಎತ್ತಿದ ಊರು ಅದೇ. ಹಳೇ ನಂಬಿಕೆಯ ಅಪ್ಪ, ಹೊಸ ಪಾಠ ಕಲಿತ ಮಗ. ಹ್ಯಾಮ್ಲೆಟ್ ಬಾಯಿಬಿಟ್ಟು ಹೇಳುತ್ತಾನೆ, ನಾನು ಕಂಡದ್ದು ಸೈತಾನನೂ ಆಗಿರಬಹುದು ಅಂತ. ಅದಕ್ಕೇ ನಾಟಕ ಆಡಿಸಿ ಪರೀಕ್ಷೆ ಮಾಡುತ್ತಾನೆ. ಒಬ್ಬ ಮನುಷ್ಯನ ಜೀವ ತೆಗೆಯುವ ಮೊದಲು ಸಾಕ್ಷಿ ಬೇಕು ಅನ್ನುವವನನ್ನು ಪುಕ್ಕಲ ಅನ್ನಬಾರದು.

ಷೇಕ್ಸ್‌ಪಿಯರ್ ತಾನೇ ಈ ಪ್ರೇತದ ಪಾತ್ರ ಮಾಡುತ್ತಿದ್ದ ಅಂತ ಒಂದು ಹಳೇ ಮಾತಿದೆ. ಅವನ ಜೀವನ ಬರೆದ ನಿಕೊಲಸ್ ರೋ 1709ರಲ್ಲಿ ಅದನ್ನು ದಾಖಲಿಸಿದ್ದಾನೆ.

ಈ ಕತೆ ಷೇಕ್ಸ್‌ಪಿಯರನ ಸ್ವಂತದ್ದಾ? ಬೇರೆಯವರಿಂದ ತೆಗೆದುಕೊಂಡ ಅಂತ ಕೇಳಿದ್ದೇನೆ.
— ಓದುಗರು, ಬಳ್ಳಾರಿ

ಸ್ವಂತದ್ದಲ್ಲ. ಸುಮಾರು 1200ರ ಹೊತ್ತಿಗೆ ಸ್ಯಾಕ್ಸೋ ಗ್ರಮ್ಯಾಟಿಕಸ್ ಅನ್ನುವವನು ಲ್ಯಾಟಿನ್‌ನಲ್ಲಿ ಬರೆದ ಡೆನ್ಮಾರ್ಕಿನ ಚರಿತ್ರೆಯಲ್ಲಿ ಆಮ್ಲೆತ್ ಎಂಬ ರಾಜಕುಮಾರನ ಕತೆ ಬರುತ್ತದೆ. ಅದನ್ನು ಫ್ರಾನ್ಸಿನ ಬೆಲ್‌ಫೊರೆ 1570ರಲ್ಲಿ ಮತ್ತೆ ಹೇಳಿದ. ಲಂಡನ್ನಿನಲ್ಲಿ ಹ್ಯಾಮ್ಲೆಟ್ ಬಗ್ಗೆ ಒಂದು ಹಳೇ ನಾಟಕವೂ 1589ರ ಹೊತ್ತಿಗೇ ಇತ್ತು, ಅದರ ಪ್ರತಿ ಉಳಿದಿಲ್ಲ. ಷೇಕ್ಸ್‌ಪಿಯರ್ ತನ್ನದನ್ನು ಬರೆದದ್ದು 1600ರ ಆಸುಪಾಸಿನಲ್ಲಿ.

ಹಳೇ ಕತೆಯಲ್ಲಿ ಕೊಲೆ ಗುಟ್ಟಲ್ಲ, ಊರಿಗೆಲ್ಲ ಗೊತ್ತು. ಆಮ್ಲೆತ್ ಚಿಕ್ಕವನು. ಚಿಕ್ಕಪ್ಪ ತನ್ನನ್ನೂ ಮುಗಿಸದಿರಲಿ ಅಂತ ಹುಚ್ಚನ ಹಾಗೆ ನಟಿಸುತ್ತಾ ಕಾಯುತ್ತಾನೆ. ಕೊನೆಗೆ ಕುಡಿದು ಬಿದ್ದ ಆಸ್ಥಾನದವರ ಸಮೇತ ಇಡೀ ಸಭಾಂಗಣಕ್ಕೆ ಬೆಂಕಿ ಇಟ್ಟು, ಚಿಕ್ಕಪ್ಪನನ್ನು ಕೊಂದು, ತಾನೇ ರಾಜನಾಗುತ್ತಾನೆ. ಅಲ್ಲಿ ತಡಕ್ಕೆ ಸರಿಯಾದ ಕಾರಣ ಇತ್ತು. ಷೇಕ್ಸ್‌ಪಿಯರ್ ಆ ಕಾರಣವನ್ನೇ ಕಿತ್ತುಹಾಕಿದ. ಕೊಲೆಯನ್ನು ಗುಟ್ಟು ಮಾಡಿದ, ಹುಡುಗನನ್ನು ದೊಡ್ಡವನನ್ನಾಗಿ ಮಾಡಿದ. ಹೊರಗಿದ್ದ ಅಡ್ಡಿ ಹೋಗಿ ಒಳಗಿನದ್ದು ಉಳಿಯಿತು.

ಸೇಡಿನ ನಾಟಕದ ರಿವಾಜುಗಳನ್ನು ಲಂಡನ್ನಿಗೆ ಕಲಿಸಿದವನು ಥಾಮಸ್ ಕಿಡ್. ಸುಮಾರು 1587ರ ಅವನ ‘ಸ್ಪ್ಯಾನಿಷ್ ಟ್ರ್ಯಾಜೆಡಿ’ಯಲ್ಲಿ ಹಿಯರೊನಿಮೋ ಎಂಬ ನ್ಯಾಯಾಧಿಕಾರಿಯ ಮಗನನ್ನು ಅವನ ಮನೆಯ ತೋಟದಲ್ಲೇ ನೇಣು ಹಾಕುತ್ತಾರೆ. ಊರಿಗೆಲ್ಲ ನ್ಯಾಯ ಹೇಳುವವನಿಗೆ ತನ್ನ ಮಗನ ಕೊಲೆಗೆ ನ್ಯಾಯ ಸಿಗುವುದಿಲ್ಲ, ರಾಜನ ತನಕ ಅವನ ದೂರು ಮುಟ್ಟುವುದೇ ಇಲ್ಲ, ಯಾಕೆಂದರೆ ಕೊಂದವರು ಅರಮನೆಯವರೇ. ಕೊನೆಗೆ ಅವರನ್ನೇ ಕರೆದು ನಾಟಕ ಆಡಿಸಿ, ನಾಟಕದೊಳಗೆ ನಿಜವಾದ ಚೂರಿಯಿಂದ ಕೊಲ್ಲುತ್ತಾನೆ, ಆಮೇಲೆ ತನ್ನ ನಾಲಿಗೆಯನ್ನೇ ಕಚ್ಚಿ ಉಗುಳುತ್ತಾನೆ. ಪ್ರೇತ, ಹುಚ್ಚು, ನಾಟಕದೊಳಗೊಂದು ನಾಟಕ, ಕೊನೆಗೆ ಹೆಣಗಳ ರಾಶಿ, ಎಲ್ಲ ಅದರಲ್ಲೇ ಇವೆ. ಇವರಿಬ್ಬರ ಹಿಂದೆ ರೋಮಿನ ಸೆನೆಕಾ ಇದ್ದಾನೆ, ಅವನ 10 ನಾಟಕಗಳು 1581ರಲ್ಲಿ ಇಂಗ್ಲಿಷಿಗೆ ಒಟ್ಟಾಗಿ ಬಂದಿದ್ದವು.

ಆ ಕಾಲಕ್ಕೆ ಈ ನಾಟಕಗಳು ಯಾಕೆ ಅಷ್ಟು ತಾಗಿದವು ಅಂದರೆ, ಶಿಕ್ಷೆ ಕೊಡುವುದು ರಾಜ್ಯದ ಕೆಲಸ, ಮನೆಯವರದ್ದಲ್ಲ ಅಂತ ಕಾನೂನು ಹೇಳುತ್ತಿತ್ತು. ಸೇಡು ನನಗೆ ಸೇರಿದ್ದು ಅಂತ ಬೈಬಲಿನ ದೇವರು ಹೇಳುತ್ತಿದ್ದ. ಆದರೆ ಕೊಂದವನೇ ರಾಜ್ಯವಾದರೆ? ಕ್ಲಾಡಿಯಸ್‌ನ ಮೇಲೆ ಹ್ಯಾಮ್ಲೆಟ್ ಯಾರಿಗೆ ದೂರು ಕೊಡಬೇಕು? ಸೇಡನ್ನು ಒಂದು ಬಗೆಯ ಕಾಡು ನ್ಯಾಯ ಅಂತ ಕರೆದ ಫ್ರಾನ್ಸಿಸ್ ಬೇಕನ್ ಸ್ವತಃ ಕಾನೂನಿನ ಮನುಷ್ಯ. ಅವನ ಆ ಮಾತಿನಲ್ಲಿ ಬೈಗುಳವೂ ಇದೆ, ಅದು ಕೂಡ ನ್ಯಾಯದ ಜಾತಿಯದೇ ಅನ್ನುವ ಒಪ್ಪಿಗೆಯೂ ಇದೆ.

ನನಗೆ ಲೇರ್ಟಿಸ್ ಇಷ್ಟ. ಅಪ್ಪ ಸತ್ತ ಅಂತ ತಿಳಿದ ಕೂಡಲೇ ನುಗ್ಗಿ ಬಂದ. ಮಗ ಅಂದರೆ ಹಾಗಿರಬೇಕಲ್ವಾ?
— ಓದುಗರು, ದಾವಣಗೆರೆ

ನೋಡುವಾಗ ಹಾಗೇ ಅನಿಸುತ್ತದೆ. ಪೊಲೋನಿಯಸ್‌ನ ಮಗ ಲೇರ್ಟಿಸ್ ಫ್ರಾನ್ಸಿನಿಂದ ಓಡಿಬಂದು, ಜನರ ಗುಂಪು ಕಟ್ಟಿಕೊಂಡು, ಅರಮನೆಯ ಬಾಗಿಲು ಮುರಿದು ಒಳಗೆ ಬರುತ್ತಾನೆ. ರಾಜನಿಷ್ಠೆ ನರಕಕ್ಕೆ ಹೋಗಲಿ, ಆತ್ಮಸಾಕ್ಷಿ ಪಾತಾಳಕ್ಕೆ ಬೀಳಲಿ, ನನಗೆ ಅಪ್ಪನ ಸಾವಿನ ಲೆಕ್ಕ ಬೇಕು ಅನ್ನುತ್ತಾನೆ. ಹ್ಯಾಮ್ಲೆಟ್ ಹೇಳಬೇಕಾಗಿದ್ದ ಮಾತೆಲ್ಲ ಅವನ ಬಾಯಲ್ಲಿದೆ.

ಮುಂದೆ ಏನಾಯಿತು ನೋಡಿ. ಕ್ಲಾಡಿಯಸ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಾನೆ, ನೀನು ನಿಜವಾಗಿ ಅಪ್ಪನ ಮಗ ಅಂತ ತೋರಿಸಲು ಏನು ಮಾಡ್ತೀಯ? ಚರ್ಚಿನೊಳಗೇ ಅವನ ಕತ್ತು ಕೊಯ್ತೀನಿ ಅನ್ನುತ್ತಾನೆ ಲೇರ್ಟಿಸ್. ಇದೇ ಕ್ಲಾಡಿಯಸ್ ಪ್ರಾರ್ಥನೆಗೆ ಕೂತಿದ್ದಾಗ ಹ್ಯಾಮ್ಲೆಟ್ ಕತ್ತಿ ಹಿಂದೆ ತೆಗೆದಿದ್ದ, ನೆನಪಿಸಿಕೊಳ್ಳಿ. ಈಗ ಕ್ಲಾಡಿಯಸ್ ಒಂದು ಉಪಾಯ ಕೊಡುತ್ತಾನೆ: ಕತ್ತಿವರಸೆಯ ಸ್ಪರ್ಧೆ ಇಟ್ಟು, ಮೊಂಡು ಮಾಡದ ಕತ್ತಿಯನ್ನು ನೀನು ಹಿಡಿದುಕೊ. ವಿಷ ಸವರುವ ಮಾತು ರಾಜನದ್ದಲ್ಲ, ಲೇರ್ಟಿಸ್‌ನದ್ದು. ಊರೂರು ತಿರುಗಿ ಔಷಧ ಮಾರುವವನ ಹತ್ತಿರ ಮೊದಲೇ ಕೊಂಡಿಟ್ಟಿದ್ದೇನೆ ಅನ್ನುತ್ತಾನೆ. ಆವೇಶದಿಂದ ಬಾಗಿಲು ಮುರಿದ ಮಗ ಅರ್ಧ ಗಂಟೆಯಲ್ಲಿ ರಾಜನ ಕೈಗೊಂಬೆಯಾದ. ಸಾಯುವಾಗ ಅವನಿಗೇ ಅದು ಅರ್ಥವಾಗುತ್ತದೆ: ನಾನು ಒಡ್ಡಿದ ಬಲೆಗೆ ನಾನೇ ಬಿದ್ದೆ.

ನಾಟಕದಲ್ಲಿ ಅಪ್ಪನನ್ನು ಕಳೆದುಕೊಂಡ ಇನ್ನೊಬ್ಬ ಮಗ ಇದ್ದಾನೆ, ಅವನನ್ನು ಎಲ್ಲರೂ ಮರೆಯುತ್ತಾರೆ. ನಾರ್ವೆಯ ಫೋರ್ಟಿನ್‌ಬ್ರಾಸ್. ಇವನ ಅಪ್ಪನನ್ನು ಹ್ಯಾಮ್ಲೆಟ್‌ನ ಅಪ್ಪ ದ್ವಂದ್ವಯುದ್ಧದಲ್ಲಿ ಕೊಂದು ಜಮೀನು ಗೆದ್ದಿದ್ದ. ಅದು ಯಾವ ದಿನ ನಡೆಯಿತು ಅನ್ನುವುದು ನಮಗೆ ತಿಳಿಯುವುದು ಐದನೇ ಅಂಕದಲ್ಲಿ, ಸ್ಮಶಾನದಲ್ಲಿ ಗುಂಡಿ ತೋಡುವವನ ಹರಟೆಯ ನಡುವೆ: ಹ್ಯಾಮ್ಲೆಟ್ ಹುಟ್ಟಿದ ದಿನವೇ! ಅಂದರೆ ಹ್ಯಾಮ್ಲೆಟ್ ಕಣ್ಣು ಬಿಡುವಾಗಲೇ ಅವನ ಮನೆಯ ಮೇಲೆ ಒಂದು ಕೊಲೆಯ ಬಾಕಿ ಇತ್ತು. ಪ್ರೇತವಾಗಿ ಬಂದು ನ್ಯಾಯ ಕೇಳುವ ಅಪ್ಪ ಕೂಡ ಒಬ್ಬ ಮಗನನ್ನು ತಬ್ಬಲಿ ಮಾಡಿದವನು. ಈ ಸಾಲು ಓದಿದ ಮೇಲೆ ನನಗೆ ಮೊದಲ ಅಂಕದ ಪ್ರೇತ ಮೊದಲಿನ ಹಾಗೆ ಕಾಣಲೇ ಇಲ್ಲ.

ಫೋರ್ಟಿನ್‌ಬ್ರಾಸ್ ಸೈನ್ಯ ಕಟ್ಟುತ್ತಾನೆ, ಅವನ ಚಿಕ್ಕಪ್ಪ ಬೇಡ ಅನ್ನುತ್ತಾನೆ, ಇವನು ಬಿಟ್ಟುಬಿಡುತ್ತಾನೆ, ಪೋಲೆಂಡಿನ ಕಡೆ ಹೋಗುತ್ತಾನೆ. ಕೊನೆಗೆ ಡೆನ್ಮಾರ್ಕ್ ಸಿಗುವುದು ಅವನಿಗೇ. ಸೇಡನ್ನು ಪೂರ್ತಿ ಮಾಡಿದ ಇಬ್ಬರೂ ಅಷ್ಟು ಹೊತ್ತಿಗೆ ನೆಲದ ಮೇಲೆ ಹೆಣವಾಗಿದ್ದಾರೆ.

ಒಫೀಲಿಯಾ ಯಾಕೆ ಅಷ್ಟು ಮೆತ್ತಗಿನ ಪಾತ್ರ? ಎಲ್ಲರೂ ಹೇಳಿದ ಹಾಗೆ ಕೇಳಿ ಕೊನೆಗೆ ಹುಚ್ಚಿಯಾಗಿ ಸಾಯುತ್ತಾಳೆ. ಪಾಠ ಮಾಡುವಾಗ ನನಗೆ ತುಂಬ ಸಿಟ್ಟು ಬರುತ್ತದೆ. ಅವಳದ್ದು ಆತ್ಮಹತ್ಯೆಯಾ?
— ಶಿಕ್ಷಕಿ, ಧಾರವಾಡ

ಸಿಟ್ಟು ಬರಬೇಕು, ಮೇಡಂ. ಆದರೆ ಅದು ಒಫೀಲಿಯಾಳ ಮೇಲೆ ಬರಬೇಕಾದದ್ದಲ್ಲ. ಅವಳ ಜೊತೆ ಯಾರು ಯಾರು ಏನು ಮಾತಾಡುತ್ತಾರೆ ಅಂತ ಮಕ್ಕಳಿಂದಲೇ ಪಟ್ಟಿ ಮಾಡಿಸಿ ನೋಡಿ. ಅಣ್ಣ ಫ್ರಾನ್ಸಿಗೆ ಹೊರಡುವ ಮೊದಲು ಹ್ಯಾಮ್ಲೆಟ್‌ನನ್ನು ನಂಬಬೇಡ ಅಂತ ಉದ್ದ ಉಪದೇಶ ಕೊಡುತ್ತಾನೆ. ಅವನ ಹಿಂದೆಯೇ ಅಪ್ಪ ಬಂದು ಅವನ ಜೊತೆ ಮಾತೇ ಆಡಬೇಡ ಅನ್ನುತ್ತಾನೆ. ಹೇಳಿದ ಹಾಗೆ ಕೇಳ್ತೀನಿ ಅಂತಾಳೆ. ಆಮೇಲೆ ಅದೇ ಅಪ್ಪ ಅವಳ ಕೈಗೆ ಪ್ರಾರ್ಥನೆಯ ಪುಸ್ತಕ ಕೊಟ್ಟು, ಹ್ಯಾಮ್ಲೆಟ್ ಬರುವ ದಾರಿಯಲ್ಲಿ ನಿಲ್ಲಿಸಿ, ತಾನೂ ರಾಜನೂ ಅಡಗಿ ಕೂರುತ್ತಾರೆ. ಹ್ಯಾಮ್ಲೆಟ್ ಬಂದು ಅವಳನ್ನು ಬಾಯಿಗೆ ಬಂದಂತೆ ಬೈದು, ಸನ್ಯಾಸಿನಿಯರ ಮಠಕ್ಕೆ ಹೋಗು ಅನ್ನುತ್ತಾನೆ. ಅವನು ಹೋದ ಮೇಲೆ ಅವಳು ಒಬ್ಬಳೇ ನಿಂತು ಆಡುವ ಮಾತಿನಲ್ಲಿ ತನ್ನ ಅವಮಾನದ ದೂರಿಲ್ಲ. ಎಂಥ ದೊಡ್ಡ ಮನಸ್ಸು ಹೀಗೆ ಹಾಳಾಯಿತಲ್ಲ ಅಂತ ಅವನಿಗಾಗಿ ಮರುಗುತ್ತಾಳೆ. ಅಡಗಿ ಕೂತ ಅಪ್ಪ ಹೊರಬಂದು ಮಗಳನ್ನು ಸಮಾಧಾನ ಕೂಡ ಮಾಡುವುದಿಲ್ಲ, ನೀನೇನೂ ಹೇಳಬೇಕಾಗಿಲ್ಲ, ನಾವೆಲ್ಲ ಕೇಳಿಸಿಕೊಂಡೆವು ಅನ್ನುತ್ತಾನೆ!

ಇದಾದ ಮೇಲೆ ಪ್ರೀತಿಸಿದವನೇ ಅಪ್ಪನನ್ನು ಕೊಲ್ಲುತ್ತಾನೆ. ಅಪ್ಪನನ್ನು ಗುಟ್ಟಾಗಿ, ಅವಸರದಲ್ಲಿ ಮಣ್ಣು ಮಾಡುತ್ತಾರೆ. ಅಣ್ಣ ಊರಲ್ಲಿಲ್ಲ. ಹ್ಯಾಮ್ಲೆಟ್‌ಗೆ ಹೇಳಿಕೊಳ್ಳಲು ಹೊರೇಷಿಯೋ ಇದ್ದ, ಒಫೀಲಿಯಾಗೆ ಒಬ್ಬರೂ ಇಲ್ಲ. ಲೆಕ್ಕ ಹಾಕಿದರೆ ಈ ನಾಟಕದಲ್ಲಿ ಅಪ್ಪ ಕೊಲೆಯಾದ ಮಕ್ಕಳು ನಾಲ್ವರು: ಹ್ಯಾಮ್ಲೆಟ್, ಲೇರ್ಟಿಸ್, ಫೋರ್ಟಿನ್‌ಬ್ರಾಸ್, ಒಫೀಲಿಯಾ. ಗೈಡುಗಳು ಮೂವರನ್ನು ಹೋಲಿಸಿ ನಿಲ್ಲಿಸುತ್ತವೆ. ನಾಲ್ಕನೆಯವಳಿಗೆ ಕತ್ತಿ ಇಲ್ಲ, ಸೈನ್ಯ ಇಲ್ಲ, ಊರು ಬಿಟ್ಟು ಹೋಗುವ ಸ್ವಾತಂತ್ರ್ಯವೂ ಇಲ್ಲ. ಅವಳ ದುಃಖಕ್ಕೆ ಹೋಗಲು ಜಾಗ ಇದ್ದದ್ದು ಒಂದೇ, ತನ್ನ ತಲೆಯೊಳಗೆ.

ಹುಚ್ಚು ಹಿಡಿದ ಮೇಲೆ ಅವಳು ಬರುವ ದೃಶ್ಯವನ್ನು ಪಾಠದಲ್ಲಿ ಓಡಿಸಬೇಡಿ. ಮೊದಲ ಸಲ ಅವಳು ತನಗೆ ಬೇಕಾದ್ದು ಮಾತಾಡುತ್ತಾಳೆ, ಹಾಡುತ್ತಾಳೆ, ಹುಡುಗಿಯನ್ನು ಮರುಳು ಮಾಡಿ ಕೈಬಿಟ್ಟವನ ಹಾಡನ್ನು ರಾಜ ರಾಣಿಯರ ಮುಖದ ಮುಂದೆಯೇ ಹಾಡುತ್ತಾಳೆ, ಎಲ್ಲರೂ ಕೇಳಿಕೊಂಡು ನಿಲ್ಲಲೇಬೇಕು. ನೆನಪಿಗೆ ಅಂತ ರೋಸ್‌ಮೆರಿ ಕೊಡುತ್ತಾಳೆ, ಯೋಚನೆಗೆ ಅಂತ ಪ್ಯಾನ್ಸಿ. ಸೋಂಪಿನ ಗಿಡ, ಕೊಲಂಬೈನ್ ಹೂವು, ಪಶ್ಚಾತ್ತಾಪದ ಗುರುತಾದ ‘ರೂ’ ಅನ್ನುವ ಕಹಿ ಸೊಪ್ಪು. ಆ ಸೊಪ್ಪನ್ನು ಕೊಡುವಾಗ ನಿಮಗೂ ಸ್ವಲ್ಪ, ನನಗೂ ಸ್ವಲ್ಪ, ಆದರೆ ನೀವು ಅದನ್ನು ಬೇರೆ ಥರ ಮುಡಿಯಬೇಕು ಅನ್ನುತ್ತಾಳೆ. ವಯೊಲೆಟ್ ಕೊಡಬೇಕು ಅಂತಿದ್ದೆ, ಅಪ್ಪ ಸತ್ತಾಗ ಅವೆಲ್ಲ ಬಾಡಿಹೋದವು. ಯಾವ ಹೂವು ಯಾರ ಕೈಗೆ ಹೋಗಬೇಕು ಅಂತ ಇಲ್ಲಿ ಷೇಕ್ಸ್‌ಪಿಯರ್ ಬರೆದಿಲ್ಲ, ಆಡಿಸುವವರೇ ತೀರ್ಮಾನಿಸಬೇಕು. ತರಗತಿಯಲ್ಲಿ ಮಕ್ಕಳಿಗೆ ಅದನ್ನೇ ಬಿಟ್ಟು ನೋಡಿ. ಕಹಿ ಸೊಪ್ಪು ರಾಣಿಗೋ ರಾಜನಿಗೋ ಅನ್ನುವ ಜಗಳದಲ್ಲೇ ಅರ್ಧ ನಾಟಕ ಅರ್ಥವಾಗುತ್ತದೆ.

ಆತ್ಮಹತ್ಯೆಯಾ ಅನ್ನುವುದನ್ನು ನಾಟಕ ಬೇಕಂತಲೇ ತೀರ್ಮಾನಿಸುವುದಿಲ್ಲ. ಕೊಂಬೆ ಮುರಿದು ತೊರೆಗೆ ಬಿದ್ದಳು, ಬಟ್ಟೆ ಸ್ವಲ್ಪ ಹೊತ್ತು ತೇಲಿಸಿತು, ಹಾಡುತ್ತಲೇ ಇದ್ದಳು, ಬಟ್ಟೆ ನೆನೆದು ಭಾರವಾಗಿ ಎಳೆದುಕೊಂಡು ಹೋಯಿತು ಅಂತ ಗರ್ಟ್ರೂಡ್ ಹೇಳುತ್ತಾಳೆ. ಗುಂಡಿ ತೋಡುವವರು, ದೊಡ್ಡ ಮನೆಯವಳು ಅಂತ ತಾನೇ ಇವಳಿಗೆ ಚರ್ಚಿನ ನೆಲ ಸಿಕ್ಕಿದ್ದು ಅಂತ ಮಾತಾಡಿಕೊಳ್ಳುತ್ತಾರೆ. ಸಾವು ಅನುಮಾನದ್ದು ಅಂತ ಹೇಳಿ ಪಾದ್ರಿ ಪೂರ್ತಿ ಸಂಸ್ಕಾರ ಮಾಡುವುದಿಲ್ಲ. ಸತ್ತ ಮೇಲೂ ಅವಳ ಬಗ್ಗೆ ಬೇರೆಯವರೇ ಮಾತಾಡುತ್ತಾರೆ.

ನಿಮ್ಮ ಸಿಟ್ಟಿಗೆ ಕನ್ನಡದಲ್ಲೇ ಒಂದು ಉತ್ತರ ಇದೆ. 1932ರಲ್ಲಿ ಬಂದ ಕುವೆಂಪು ಅವರ ‘ರಕ್ತಾಕ್ಷಿ’ ಹ್ಯಾಮ್ಲೆಟ್ ಕತೆಯನ್ನು ಮಲೆನಾಡಿನ ಬಿದನೂರು ಸಂಸ್ಥಾನಕ್ಕೆ ತಂದು ಕಟ್ಟಿದ ನಾಟಕ. ಅಲ್ಲಿ ಒಫೀಲಿಯಾಳ ಜಾಗದಲ್ಲಿರುವ ರುದ್ರಾಂಬೆ ಸುಮ್ನೆ ಹುಚ್ಚಿಯಾಗಿ ಮುಳುಗಿಹೋಗುವುದಿಲ್ಲ, ಸೇಡನ್ನು ತಾನೇ ಕೈಗೆ ತೆಗೆದುಕೊಳ್ಳುತ್ತಾಳೆ. ಎರಡನ್ನೂ ಜೊತೆಗಿಟ್ಟು ಓದಿಸಿ.

ಗಂಡನ ಕೊಲೆ ಗರ್ಟ್ರೂಡ್‌ಗೆ ಗೊತ್ತಿತ್ತಾ?
— ಓದುಗರು, ಉಡುಪಿ

ಗೊತ್ತಿರಲಿಲ್ಲ ಅಂತಲೇ ನನ್ನ ಓದು. ರಾಜನನ್ನು ಕೊಂದ ಮಾತನ್ನು ಮಗ ಎತ್ತಿದಾಗ ಅವಳು ಬೆಚ್ಚಿ, ರಾಜನನ್ನು ಕೊಲ್ಲುವುದಾ ಅಂತ ಅದೇ ಮಾತನ್ನು ತಿರುಗಿ ಕೇಳುತ್ತಾಳೆ. ನಾಟಕ ಅಚ್ಚಾದದ್ದು ಮೂರು ರೂಪದಲ್ಲಿ, 1603, 1604–05 ಮತ್ತು 1623. ಮೊದಲನೆಯ ಚಿಕ್ಕ ಪ್ರತಿಯಲ್ಲಿ ಅವಳು, ಈ ಕೊಲೆ ನನಗೆ ಗೊತ್ತೇ ಇರಲಿಲ್ಲ ಅಂತ ಆಣೆ ಮಾಡಿ ಮಗನಿಗೆ ನೆರವಾಗುವ ಮಾತು ಕೊಡುತ್ತಾಳೆ. ನಂತರದ ಎರಡರಲ್ಲಿ ಅಷ್ಟು ಬಿಡಿಸಿ ಹೇಳಿಲ್ಲ. ಕೊನೆಯ ದೃಶ್ಯದಲ್ಲಿ ವಿಷದ ಬಟ್ಟಲು ಎತ್ತಿದಾಗ ಕುಡಿಯಬೇಡ ಅನ್ನುತ್ತಾನೆ ಕ್ಲಾಡಿಯಸ್. ಕುಡಿಯುತ್ತೇನೆ, ಕ್ಷಮಿಸಿ ಅನ್ನುತ್ತಾಳೆ. ಇಡೀ ನಾಟಕದಲ್ಲಿ ಅವಳು ಅವನ ಮಾತು ಮೀರುವುದು ಅದೊಂದೇ ಸಲ ಎದ್ದು ಕಾಣುತ್ತದೆ. ಅವಳಿಗೆ ಅನುಮಾನ ಬಂದಿತ್ತು ಅಂತ ಕೆಲವು ನಟಿಯರು ಆಡಿ ತೋರಿಸುತ್ತಾರೆ. ಮಾತಿನಲ್ಲಿ ಅದಕ್ಕೆ ಆಧಾರ ಇಲ್ಲ, ಅಡ್ಡಿಯೂ ಇಲ್ಲ.

ಹ್ಯಾಮ್ಲೆಟ್‌ಗೆ ಹುಚ್ಚು ನಿಜವಾ, ನಾಟಕವಾ? ಅವನ ವಯಸ್ಸೆಷ್ಟು?
— ಓದುಗರು, ಕಲಬುರಗಿ

ವಯಸ್ಸು 30. ಹ್ಯಾಮ್ಲೆಟ್ ಹುಟ್ಟಿದ ದಿನ ಕೆಲಸಕ್ಕೆ ಸೇರಿದೆ, 30 ವರ್ಷ ಆಯಿತು ಅಂತ ಗುಂಡಿ ತೋಡುವವನ ಮಾತಿದೆ.

ಹುಚ್ಚು ನಟನೆಯೇ. ಇನ್ನು ಮೇಲೆ ವಿಚಿತ್ರವಾಗಿ ನಡೆದುಕೊಂಡರೆ ಆಶ್ಚರ್ಯಪಡಬೇಡಿ ಅಂತ ಗೆಳೆಯರಿಗೆ ಮೊದಲೇ ಹೇಳಿಟ್ಟಿರುತ್ತಾನೆ. ಆದರೆ ಹುಚ್ಚು ಇಲ್ಲ ಅಂದ ಮಾತ್ರಕ್ಕೆ ಮನಸ್ಸು ನೆಟ್ಟಗಿದೆ ಅಂತ ಅರ್ಥ ಅಲ್ಲ. ರೋಸೆನ್‌ಕ್ರಾಂಟ್ಜ್ ಮತ್ತು ಗಿಲ್ಡೆನ್‌ಸ್ಟರ್ನ್ ಅವನ ಬಾಲ್ಯದ ಗೆಳೆಯರು, ರಾಜನ ಪರವಾಗಿ ಅವನ ಮೇಲೆ ಕಣ್ಣಿಡಲು ಬಂದವರು. ತಾವು ಒಯ್ಯುತ್ತಿರುವ ಪತ್ರದಲ್ಲಿ ಹ್ಯಾಮ್ಲೆಟ್‌ನ ಸಾವಿನ ಆಜ್ಞೆ ಇದೆ ಅಂತ ಅವರಿಗೆ ಗೊತ್ತಿತ್ತು ಅನ್ನಲು ಒಂದು ಸಾಲೂ ಸಿಗುವುದಿಲ್ಲ. ಹ್ಯಾಮ್ಲೆಟ್ ಪತ್ರ ಬದಲಿಸಿ, ಇದನ್ನು ತಂದವರನ್ನು ಪಾಪ ಒಪ್ಪಿಕೊಳ್ಳಲೂ ಸಮಯ ಕೊಡದೆ ಕೊಲ್ಲಿ ಅಂತ ಬರೆಯುತ್ತಾನೆ. ಅಪ್ಪನಿಗೆ ಆದದ್ದೂ ಅದೇ ಅಲ್ವಾ, ಒಪ್ಪಿಕೊಳ್ಳಲು ಸಮಯ ಸಿಗದ ಸಾವು? ಹೊರೇಷಿಯೋ ಅಳುಕುತ್ತಾ, ಹಾಗಾದರೆ ಅವರಿಬ್ಬರೂ ಹೋದರು ಅನ್ನುತ್ತಾನೆ. ಅವರ ಸಾವು ನನ್ನ ಮನಸ್ಸಿಗೆ ತಾಗುವುದಿಲ್ಲ ಅನ್ನುತ್ತಾನೆ ಹ್ಯಾಮ್ಲೆಟ್. ಮನಸ್ಸು ಕೆಡಿಸಿಕೊಳ್ಳಬೇಡ ಅಂತ ಪ್ರೇತ ಹೇಳಿತ್ತಲ್ಲ, ಅದು ಕೆಟ್ಟಿರುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಕೊನೆಗೆ ಸೇಡು ತೀರಿತಾ, ಇಲ್ಲವಾ?
— ಓದುಗರು, ಬೆಂಗಳೂರು

ಕ್ಲಾಡಿಯಸ್ ಸತ್ತ, ಅದು ನಿಜ. ಆದರೆ ಹ್ಯಾಮ್ಲೆಟ್ ಯೋಜನೆ ಹಾಕಿ ಕೊಂದದ್ದಲ್ಲ. ತಾಯಿ ವಿಷ ಕುಡಿದು ಬಿದ್ದಿದ್ದಾಳೆ, ತನ್ನ ಮೈಗೂ ವಿಷದ ಕತ್ತಿ ತಾಗಿದೆ, ಅರ್ಧ ಗಂಟೆಯ ಜೀವವೂ ಉಳಿದಿಲ್ಲ ಅಂತ ಲೇರ್ಟಿಸ್ ಹೇಳಿದ್ದಾನೆ. ಆಗ ಅದೇ ಕತ್ತಿಯಿಂದ ತಿವಿದು, ಅದೇ ಬಟ್ಟಲನ್ನು ಬಾಯಿಗೆ ಒತ್ತಿ, ನನ್ನ ತಾಯಿಯ ಹಿಂದೆ ಹೋಗು ಅನ್ನುತ್ತಾನೆ. ಆ ಹೊಡೆತದ ಹೊತ್ತಿಗೆ ಅಪ್ಪನ ಹೆಸರು ಬರುವುದೇ ಇಲ್ಲ. ಕಿಡ್‌ನ ನಾಟಕದಲ್ಲಿ ಪ್ರೇತ ಉದ್ದಕ್ಕೂ ರಂಗದ ಮೇಲೆ ಕೂತು ನೋಡಿ, ಕೊನೆಗೆ ತೃಪ್ತಿಯಿಂದ ಸತ್ತವರ ಹೆಸರು ಒಂದೊಂದಾಗಿ ಹೇಳುತ್ತದೆ. ಇಲ್ಲಿ ಪ್ರೇತ ತಾಯಿಯ ಕೋಣೆಯ ನಂತರ ಮತ್ತೆ ಬರುವುದಿಲ್ಲ. ತೀರಿತು ಅಂತ ಹೇಳಲು ಯಾರೂ ಇಲ್ಲ. ಹಾಗಾಗಿ ನನ್ನ ಉತ್ತರ: ರಾಜ ಸತ್ತ, ಪ್ರೇತ ಕೇಳಿದ ರೀತಿಯಲ್ಲಿ ಅಲ್ಲ.

ಮೊದಲ ಸಲ ಓದುವವರು ಹೇಗೆ ಶುರು ಮಾಡಬೇಕು?
— ಓದುಗರು, ಶಿರಸಿ

ನಾಟಕ ಉದ್ದ, ಪೂರ್ತಿ ಪಠ್ಯ ಸುಮಾರು 4000 ಸಾಲು. ಮೊದಲ ಪುಟದಿಂದ ಹಿಡಿದು ಅರ್ಥಕೋಶ ನೋಡುತ್ತಾ ಕೂತರೆ ಎರಡನೇ ಅಂಕದಲ್ಲೇ ಬಿಟ್ಟುಬಿಡುತ್ತೀರಿ. ಮೊದಲು ಕನ್ನಡದ ಒಂದು ಅನುವಾದ ಓದಿ ಕತೆ ಹಿಡಿಯಿರಿ. ಆಮೇಲೆ ಇಂಗ್ಲಿಷಿನಲ್ಲಿ ಮೂರನೇ ಅಂಕದ ಮೂರು ಮತ್ತು ನಾಲ್ಕನೇ ದೃಶ್ಯಗಳನ್ನು ಗಟ್ಟಿಯಾಗಿ ಓದಿ, ಮನೆಯಲ್ಲಿ ಇನ್ನೊಬ್ಬರಿದ್ದರೆ ಪಾತ್ರ ಹಂಚಿಕೊಳ್ಳಿ. ಆ ಎರಡು ಬಾಯಿಗೆ ಹತ್ತಿದ ಮೇಲೆ ಮೊದಲ ದೃಶ್ಯಕ್ಕೆ ಹೋಗಿ. ಟಿಪ್ಪಣಿ ಇರುವ ಪ್ರತಿಯನ್ನೇ ಕೊಳ್ಳಿ, ಆದರೆ ಟಿಪ್ಪಣಿಯನ್ನು ಎರಡನೇ ಓದಿಗೆ ಇಟ್ಟುಕೊಳ್ಳಿ.